ಎಡಗಡೆಯ ಕೆಳಗಿನ ಬೋಲ್ಟು

ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ
ಶೆಡ್ಡಿನಲ್ಲಿ, ಹಳೆಯ ಟೈರಿನ ಮೇಲೆ ಕೂತು

ನನ್ನ ಮೊಂಡಿ ಮಗಳಿಗೆ,

ಮೊದಲು ಕ್ಷೇಮಸಮಾಚಾರ ಬರೆಯಬೇಕಲ್ಲ, ತಗೋ. ನಿಮ್ಮಪ್ಪ ಕ್ಷೇಮ, ನಾನು ಕ್ಷೇಮ, ಜೇನುಪೆಟ್ಟಿಗೆಗಳು ಒಂಬತ್ತೂ ಕ್ಷೇಮ. ಜೀಪು ನಮ್ಮೆಲ್ಲರಿಗಿಂತ ಕ್ಷೇಮ. ಈ ಕಾಗದ ಅದರ ವಿಷಯಕ್ಕೇ.

ನೀನು ಸಹಿ ಹಾಕಿ ಕಳಿಸಿದ ಮಾರಾಟದ ಪತ್ರ ತಲುಪಿತು. ಗಾಡಿ ನಿನ್ನ ಹೆಸರಿನಲ್ಲಿದೆ, ನಿನಗೆ ಲೈಸೆನ್ಸ್ ಸಿಕ್ಕ ದಿನ ನಾವೇ ಬರೆಸಿಕೊಟ್ಟದ್ದು, ಮಾರುವ ಹಕ್ಕೂ ನಿನ್ನದೇ. ಆದರೆ ಆ ಪತ್ರವನ್ನು ಸೋದರಮಾವನ ಕೈಗೆ ಕೊಟ್ಟುಬಿಡು ಎಂದು ಬರೆದಿದ್ದೆಯಲ್ಲ, ಅದು ಆಗದ ಮಾತು. ಇದರ ಜೊತೆಗೇ ಮಡಿಸಿ ವಾಪಸು ಕಳಿಸುತ್ತಿದ್ದೇನೆ. ಹಿಂಬದಿ ತಿರುಗಿಸಿ ನೋಡು. ಶೆಡ್ಡಿನಲ್ಲಿ ಕೈಗೆ ಸಿಕ್ಕ ಖಾಲಿ ಹಾಳೆ ಅದೊಂದೇ ಆದ್ದರಿಂದ ಹಿಂದಿನ ಶಾಕ್ ಅಬ್ಸಾರ್ಬರ್ ಕೂರಿಸುವ ಬ್ರಾಕೆಟ್ಟಿನ ಚಿತ್ರವನ್ನು ಅದರ ಮೇಲೇ ಬರೆದೆ. ನಿನ್ನ ಸಹಿಯ ಮೇಲೆ ನನ್ನ ಹೆಬ್ಬೆಟ್ಟಿನ ಗ್ರೀಸ್ ಬಿದ್ದಿದೆ. ಬೇಕೆಂದು ಒತ್ತಿದ್ದಲ್ಲ ಎಂದರೆ ನೀನು ನಂಬುವುದಿಲ್ಲ, ಹಾಗಾಗಿ ಅನ್ನುವುದೂ ಇಲ್ಲ. ಇನ್ನು ಯಾವ ಕಚೇರಿಯವರೂ ಆ ಹಾಳೆಯನ್ನು ಮುಟ್ಟುವುದಿಲ್ಲ.

ಪತ್ರದ ಜೊತೆ ನೀನು ಬರೆದ ನಾಲ್ಕು ಸಾಲು ನನಗೆ ಬಾಯಿಪಾಠವಾಗಿವೆ. ಅರವತ್ತೊಂದು ವರ್ಷಕ್ಕೆ ಅಮ್ಮನಿಗೆ ಆ ಕಲ್ಲುದಾರಿ ಬೇಡ ಎಂದಿದ್ದೀಯ. ನಾನಂತೂ ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದಿದ್ದೀಯ. ಕೊನೆಗೆ, ಆ ದಿನ ನೀನು ನಿಧಾನ ಹೋಗು ಎಂದದ್ದು ನನ್ನ ಕಿವಿಗೇ ಬೀಳಲಿಲ್ಲ ಅಮ್ಮ, ಇಂಥ ಕಿವಿ ಇಟ್ಟುಕೊಂಡವಳು ಗಾಡಿ ಓಡಿಸಬಾರದು ಎಂದಿದ್ದೀಯ. ಒಂದೂವರೆ ವರ್ಷದಿಂದ ಇದನ್ನು ಹೊತ್ತುಕೊಂಡು ಆ ಲೇಬಲ್ ಅಚ್ಚಿನ ಕಾರ್ಖಾನೆಯಲ್ಲಿ ಕೂತಿದ್ದೀಯ. ನಿನ್ನನ್ನು ನೋಡಿ ಬಂದ ನಿಮ್ಮಪ್ಪ, ಅವಳು ಬಸ್ಸಲ್ಲೂ ಹಿಂದಿನ ಸೀಟೇ ಹುಡುಕ್ತಾಳೆ, ಮುಂದಿನ ರಸ್ತೆ ಕಾಣಬಾರದಂತೆ ಎಂದರು.

ಅರವತ್ತೊಂದರ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಕಳೆದ ಭಾನುವಾರ ನಿನ್ನ ಮಾವ ಕೊಳ್ಳುವವನನ್ನು ಕರೆದುಕೊಂಡೇ ಬಂದ. ನಾನು ಜೀಪಿನ ಕೆಳಗೆ ಮಲಗಿದ್ದೆ. ಅವರಿಗೆ ಕಂಡದ್ದು ನನ್ನ ಎರಡು ಪಾದ ಮಾತ್ರ. ನಿನ್ನ ಮಾವ ನನ್ನ ಪಾದಗಳನ್ನೇ ಮಾತಾಡಿಸತೊಡಗಿದ. ಅಕ್ಕ ಹೊರಗೆ ಬಾ, ಜನ ಬಂದಿದಾರೆ ಎಂದ. ಕೈ ಖಾಲಿ ಇಲ್ಲ, ಅಲ್ಲೇ ಮಾತಾಡು ಎಂದೆ. ಬಂದವನು ಗಾಡಿ ಓಡುತ್ತಾ ಎಂದು ಕೇಳಿದ. ಓಡುತ್ತೆ, ಆದ್ರೆ ನಿಮ್ಮ ಮನೆ ಕಡೆಗೆ ಓಡಲ್ಲ ಎಂದು ಕೆಳಗಿನಿಂದಲೇ ಹೇಳಿದೆ. ಅವನು ಪಾಪ, ಸಂಭಾವಿತ. ನನ್ನ ಪಾದಗಳಿಗೆ ನಮಸ್ಕಾರ ಹೇಳಿ ಹೊರಟುಹೋದ. ನಿನ್ನ ಮಾವ ಮುಖ ಊದಿಸಿಕೊಂಡು ಹೋಗಿದ್ದಾನೆ, ಇನ್ನೆರಡು ದಿನಕ್ಕೆ ಇಳಿಯುತ್ತದೆ.

ಹೋಗುವ ಮುಂಚೆ, ಅಷ್ಟಕ್ಕೂ ಈ ಶಾಕ್ ಅನ್ನೋದು ಇಲ್ದಿದ್ರೆ ಏನಾಗುತ್ತೆ ಎಂದು ಕೇಳಿದ್ದ. ಗಾಡಿಯ ಭಾರ ಹೊರುವುದು ಸ್ಪ್ರಿಂಗು, ಆದರೆ ಅದಕ್ಕೆ ಒಂದು ಸಲ ಕುಣಿದರೆ ನಿಲ್ಲಿಸಲು ಬರುವುದಿಲ್ಲ, ಅದನ್ನು ಹಿಡಿದು ನಿಲ್ಲಿಸುವುದು ಶಾಕು, ಆ ಶಾಕನ್ನು ಹಿಡಿದಿರುವುದು ಮೇಲೊಂದು ಕೆಳಗೊಂದು ಬೋಲ್ಟು ಎಂದು ಹೇಳಿದೆ. ಅಂದರೆ ಜೇನುಪೆಟ್ಟಿಗೆಗಳ ಜೀವ ಒಂದು ಬೋಲ್ಟಿನ ಮೇಲೆ ನಿಂತಿದೆಯಾ ಎಂದ. ಜನರ ಜೀವವೂ ಎಂದೆ. ಆ ಬೆಳಗ್ಗೆ ಜೀಪಿನ ಹಿಂಭಾಗ ಹೇಗೆ ಕುಣಿಯಿತು, ಹೇಗೆ ಪಕ್ಕಕ್ಕೆ ಜಾರಿ ಚರಂಡಿಗೆ ಮಗುಚಿತು, ಹದಿನಾರರಲ್ಲಿ ಹನ್ನೊಂದು ಪೆಟ್ಟಿಗೆ ಹೇಗೆ ಒಡೆದವು, ನಿನ್ನ ಮಣಿಕಟ್ಟು ಹೇಗೆ ಮುರಿಯಿತು ಎನ್ನುವುದನ್ನು ಅವನಿಗೆ ಹೇಳುವ ಅಗತ್ಯ ಇರಲಿಲ್ಲ.

ಹಾಗಾಗಿ ಈ ಸಲ ಅಂದಾಜಿನ ಕೆಲಸ ಬೇಡ ಎಂದು ಹಟ ಹಿಡಿದೆ. ನಾವಿಬ್ಬರೂ ಸೇರಿ ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಮೂರು ಇಂಚು ಎತ್ತರಿಸಿದಾಗ ಶಾಕನ್ನು ಕಣ್ಣಳತೆಯಲ್ಲಿ ತಂದಿದ್ದೆವು, ನೆನಪಿದೆಯಾ? ಈಗ ಅಳತೆಗೆ ನಿಮ್ಮಪ್ಪನನ್ನೇ ಕರೆದೆ. ನಲವತ್ತು ವರ್ಷ ಊರವರ ಎದೆ ಸೊಂಟ ಅಳೆದ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಕನ್ನಡಕ ಏರಿಸಿಕೊಂಡು, ಗಿರಾಕಿಯನ್ನು ನೋಡುವ ಗತ್ತಿನಲ್ಲೇ ಜೀಪಿನ ಹಿಂಭಾಗವನ್ನು ನೋಡಿದರು. ಹಿಂದಿನ ಎರಡು ಚಕ್ರ ಹಿಡಿದಿರುವ ಆಕ್ಸಲ್ಲನ್ನು ಪೂರ್ತಿ ಇಳಿಬಿಟ್ಟಾಗ ಮೇಲಿನ ತೂತಿನಿಂದ ಕೆಳಗಿನ ತೂತಿಗೆ ಇಪ್ಪತ್ತೈದೂವರೆ ಇಂಚು. ಜಾಕಿ ಕೊಟ್ಟು ಪೂರ್ತಿ ಅದುಮಿದಾಗ ಹದಿನಾರು. ಅಂದರೆ ಅದಕ್ಕಿಂತ ತುಸು ಹೆಚ್ಚು ಚಾಚುವ, ಅದಕ್ಕಿಂತ ತುಸು ಹೆಚ್ಚು ಮಡಚುವ ಶಾಕು ಬೇಕು. ಇಲ್ಲದಿದ್ದರೆ ಕಲ್ಲು ಇಳಿಯುವಾಗ ಇಡೀ ಆಕ್ಸಲ್ಲು ಆ ಬೋಲ್ಟಿಗೆ ಜೋತುಬೀಳುತ್ತದೆ. ನಿಮ್ಮಪ್ಪ ಇದನ್ನೆಲ್ಲ ತಮ್ಮ ಅಳತೆ ಪುಸ್ತಕದಲ್ಲೇ ಬರೆದುಕೊಂಡಿದ್ದಾರೆ. ಪೋಸ್ಟ್‌ಮಾಸ್ಟರರ ಪ್ಯಾಂಟು ಒಂದು ಪುಟ, ಜೀಪು ಮುಂದಿನ ಪುಟ. ಇಬ್ಬರಿಗೂ ಸ್ವಲ್ಪ ಸಡಿಲ ಬಿಡಬೇಕು ಎಂದು ಷರಾ ಬೇರೆ.

ಬಿಡಿಭಾಗದ ಅಂಗಡಿಯವನ ಜೊತೆ ಆದದ್ದು ನಿನಗೆ ಗೊತ್ತಾಗಲೇಬೇಕು. ಕೆಂಪು ಬಣ್ಣ ಬಳಿದ ಒಂದು ಮಿರಿಮಿರಿ ತುಂಡನ್ನು ಮೇಜಿನ ಮೇಲಿಟ್ಟು, ಎತ್ತರಿಸಿದ ಗಾಡಿಗೆಲ್ಲ ಇದೇ ಹಾಕಿಸೋದು ಅಮ್ಮ, ಹಳೇ ಬ್ರಾಕೆಟ್ಟಿಗೆ ಸಿಕ್ಕಿಸಿ ತಿರುಪಿದ್ರೆ ಆಯ್ತು ಎಂದ. ಅದರಲ್ಲಿ ಬೋಲ್ಟು ಒಂದೇ ಕಡೆಯಿಂದ ಹಿಡಿದು ಹೊರಗೆ ಚಾಚಿಕೊಂಡಿರುತ್ತದೆ. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದು ಎರಡು ಗಂಟೆ ಕಲ್ಲುದಾರಿ ನಡೆದು ನೋಡು ಎಂದೆ. ನನಗೆ ಎರಡು ಕಿವಿಯ ಬ್ರಾಕೆಟ್ಟು ಬೇಕು, ಶಾಕಿನ ತುದಿಯ ಬಳೆ, ಅಂದರೆ ಅದರ ಕಣ್ಣು, ನಡುವೆ ಕೂರಬೇಕು, ಬೋಲ್ಟನ್ನು ಎರಡೂ ಕಡೆ ಹಿಡಿದಿರಬೇಕು ಎಂದೆ. ಅವನು ನಕ್ಕು, ಯಜಮಾನ್ರನ್ನ ಕಳ್ಸಿ ಅಮ್ಮ, ಅವರತ್ರ ಮಾತಾಡ್ತೀನಿ ಎಂದ.

ಕಳಿಸಿದೆ. ಜೊತೆಗೆ ನಾನೂ ಹೋದೆ. ಯಜಮಾನರು ಅಂಗಡಿಯೊಳಗೆ ಕಾಲಿಟ್ಟು ಮೊದಲು ಅವನ ಅಂಗಿಯ ಕಾಲರ್ ನೋಡಿ, ಇದನ್ನ ಯಾರು ಹೊಲಿದಿದ್ದು, ಎಡಗಡೆ ಎತ್ತಿದೆಯಲ್ಲ ಎಂದರು. ಆಮೇಲೆ, ಅಳತೆ ಮಾತ್ರ ನನ್ದು, ಉಳಿದಿದ್ದು ಅವಳು ಹೇಳಿದ ಹಾಗೆ ಕೊಡಿ ಎಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಅಲ್ಲಿಂದ ಅಂಗಡಿಯವನ ದನಿ ಇಳಿಯಿತು. ಉದ್ದಕ್ಕೂ ಥ್ರೆಡ್ ಇರುವ ಬೋಲ್ಟು ತಂದ, ಬೇಡ ಎಂದೆ. ಬ್ರಾಕೆಟ್ಟಿನ ಕಿವಿಯೊಳಗೆ ಕೂರುವ ಭಾಗ ನುಣ್ಣಗಿರಬೇಕು, ಥ್ರೆಡ್ ಏನಿದ್ದರೂ ಆಚೆ ನಟ್ಟಿಗೆ. ತಲೆಯ ಮೇಲೆ ಗಟ್ಟಿತನದ ಅಂಕಿ ಒತ್ತಿರದ ಬೋಲ್ಟು ತಂದ, ಅದೂ ಬೇಡ ಎಂದೆ. ನೈಲಾನ್ ಬಳೆಯ ನಟ್ಟುಗಳನ್ನು ಹೊಸದೇ ತೆಗೆದುಕೊಂಡೆ, ಒಂದು ಸಲ ಬಿಚ್ಚಿದ್ದು ಮತ್ತೆ ಹಿಡಿಯುವುದಿಲ್ಲ. ಶಾಕಿನ ಕಣ್ಣೊಳಗೆ ಕೂರುವ ರಬ್ಬರ್ ಬುಷ್ಷಿನ ಒಳಗಿನ ಕೊಳವೆಗೆ ಬೋಲ್ಟು ಹಾಕಿ ಅಲ್ಲಾಡಿಸಿ ನೋಡಿದೆ. ಕೂದಲೆಳೆಯಷ್ಟೂ ಆಡಬಾರದು. ಆಡಲಿಲ್ಲ. ಹೊರಡುವಾಗ ಅವನು, ಅಮ್ಮ, ಮುಂದಿನ ಸಲ ನೀವೊಬ್ರೇ ಬನ್ನಿ ಎಂದ. ಹೊಗಳಿಕೆಯೋ ಬೇಡಿಕೆಯೋ ತಿಳಿಯಲಿಲ್ಲ.

ಬ್ರಾಕೆಟ್ಟನ್ನು ಆಕ್ಸಲ್ಲಿಗೆ ಬೆಸೆದವಳು ಗೇಟು ಮಾಡುವ ನಮ್ಮ ವೆಲ್ಡರಮ್ಮ. ಮೊದಲು ನಾಲ್ಕು ಚುಕ್ಕಿ ಮಾತ್ರ ಇಟ್ಟು, ಶಾಕನ್ನು ಸಿಕ್ಕಿಸಿ ಮೇಲೆ ಕೆಳಗೆ ಆಡಿಸಿ, ಬ್ರೇಕಿನ ಪೈಪಿಗೂ ಟೈರಿಗೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೇ ಪೂರ್ತಿ ಬೆಸೆದಳು. ಅದೂ ಒಂದೇ ಉಸಿರಿಗಲ್ಲ, ಒಂದು ಬೆರಳುದ್ದ ಇಲ್ಲಿ, ಒಂದು ಬೆರಳುದ್ದ ಅಲ್ಲಿ, ಆಕ್ಸಲ್ಲು ಕಾದು ಸೊಟ್ಟಗಾಗಬಾರದಲ್ಲ. ಮಗಳು ಬರ್ತಾಳಾ ಎಂದು ಕೇಳಿದಳು. ಬರ್ತಾಳೆ ಎಂದೆ. ನಿನ್ನನ್ನು ಕೇಳದೆ ಹೇಳಿದ ಮಾತು, ಹೇಳಿದ್ದಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟುದ್ದ ಬರೆದದ್ದು ಇಲ್ಲಿಗೆ ಬರಲು ಕೈ ಹಿಂಜರಿಯುತ್ತಿತ್ತು ಎಂದು.

ಹೊಸ ಶಾಕಿನ ಡಬ್ಬಿಯಲ್ಲಿ ಒಂದು ಚೀಟಿ ಇತ್ತು. ನಾನು ಗಾಡಿಯ ಕೆಳಗೆ, ಗಾಡಿ ಸ್ಟ್ಯಾಂಡುಗಳ ಮೇಲೆ, ಹಿಂದಿನ ಚಕ್ರಗಳು ಗಾಳಿಯಲ್ಲಿ. ನಿಮ್ಮಪ್ಪ ಪಕ್ಕದಲ್ಲಿ ಕೂತು ಆ ಚೀಟಿಯನ್ನು ಪಾಠ ಓದುವ ಹಾಗೆ ಜೋರಾಗಿ ಓದುತ್ತಿದ್ದರು. ಐದನೆಯ ಸಾಲು ಹೀಗಿತ್ತು: ಗಾಡಿಯ ಭಾರ ಚಕ್ರಗಳ ಮೇಲೆ ನಿಂತ ನಂತರವೇ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡತಕ್ಕದ್ದು. ಇನ್ನೊಂದು ಸಲ ಓದಿ ಎಂದೆ. ಓದಿದರು. ಪಾನಾ ಕೈಯಿಂದ ಜಾರಿ ನನ್ನ ಭುಜಕ್ಕೇ ಬಿತ್ತು, ಇನ್ನೂ ಕಂದಿದೆ.

ಬುಷ್ಷು ಎಂದರೆ ರಬ್ಬರು. ನಡುವಿನ ಕೊಳವೆಯನ್ನು ಬೋಲ್ಟು ಬಿಗಿದ ಜಾಗಕ್ಕೇ ಅದು ಕಚ್ಚಿಕೊಳ್ಳುತ್ತದೆ. ಚಕ್ರ ಇಳಿಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ಆ ರಬ್ಬರು ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ, ಓಡುವಾಗಲೂ. ನಿಮ್ಮಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಯಿತು. ಗಿರಾಕಿಯ ಕೈ ಮೇಲೆತ್ತಿಸಿ ತೋಳು ಕೂರಿಸಿದ ಹಾಗಾಯ್ತು, ಕೈ ಇಳಿಸಿದ ಕೂಡ್ಲೆ ಕಂಕುಳಲ್ಲಿ ಎಳೆಯುತ್ತೆ, ಆರು ತಿಂಗಳಿಗೆ ಹರಿಯುತ್ತೆ ಎಂದರು.

ಹಿಂದಿನ ಸಲ ಆ ಬೋಲ್ಟುಗಳನ್ನು ಬಿಗಿ ಮಾಡಿದವಳು ನಾನು. ನೀನು ಹೊಸ ಪೆಟ್ಟಿಗೆಗಳಿಗೆ ಬಣ್ಣ ಬಳಿಯುತ್ತಿದ್ದೆ. ಗಾಡಿ ಸ್ಟ್ಯಾಂಡಿನ ಮೇಲಿದ್ದಾಗಲೇ, ಚಕ್ರ ತೂಗಾಡುತ್ತಿದ್ದಾಗಲೇ, ಪಾನಾದ ಮೇಲೆ ನನ್ನ ಇಡೀ ಭಾರ ಹಾಕಿ ಬಿಗಿದೆ. ಎಷ್ಟು ಗಟ್ಟಿ ಬಿಗಿದಿದ್ದೇನೆ ನೋಡು ಎಂದು ನಿನಗೆ ತೋರಿಸಿ ಬೀಗಿದ್ದೂ ನೆನಪಿದೆ. ಅವತ್ತೇ ಆ ರಬ್ಬರು ಹರಿಯತೊಡಗಿತ್ತು. ರಬ್ಬರು ಹೋದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿತು, ಬೋಲ್ಟು ಸವೆಯಿತು, ಬಿರುಕು ಬಿಟ್ಟಿತು.

ಇದು ಊಹೆಯಲ್ಲ. ಮಂಗಳವಾರ ಹಳೆಯ ಶಾಕನ್ನು ಮೂಲೆಯಿಂದ ಎಳೆದು ನೋಡಿದಾಗ ಅದರ ಕಣ್ಣಿನಲ್ಲಿ ಮುರಿದ ಬೋಲ್ಟಿನ ಅರ್ಧ ಸಿಕ್ಕಿಕೊಂಡೇ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಮುರಿದ ಮುಖವನ್ನು ಬೆಳಕಿಗೆ ಹಿಡಿ. ಮುಕ್ಕಾಲು ಭಾಗ ಕಂದು, ಹಳೆಯ ತುಕ್ಕು. ಕಾಲು ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅಂದರೆ ನೀನು ಆ ಬೆಳಗ್ಗೆ ಕೀಲಿ ತಿರುಗಿಸುವ ಮುಂಚೆಯೇ ಆ ಬೋಲ್ಟು ಮುಕ್ಕಾಲು ಮುರಿದಿತ್ತು. ನಿನ್ನ ಜಾಗದಲ್ಲಿ ಯಾರಿದ್ದರೂ, ಎಷ್ಟು ನಿಧಾನ ಹೋಗಿದ್ದರೂ, ಆ ತಿರುವಿನಲ್ಲದಿದ್ದರೆ ಮುಂದಿನದರಲ್ಲಿ ಅದು ತುಂಡಾಗುತ್ತಿತ್ತು. ನೀನು ಮಗುಚಿದ್ದಲ್ಲ, ಮೊಂಡಿ. ನಾನು ಗಾಳಿಯಲ್ಲಿ ಬಿಗಿದದ್ದು ನೆಲದ ಮೇಲೆ ಮುರಿಯಿತು.

ಇದನ್ನು ನಿನ್ನ ಮಾವನಿಗೂ ಹೇಳುತ್ತೇನೆ. ಹುಡುಗಿ ಕೈಲಿ ಗಾಡಿ ಕೊಟ್ರೆ ಹೀಗೇ ಎಂದು ಅವತ್ತು ಚಪ್ಪರಿಸಿಕೊಂಡು ಮಾತಾಡಿದವರೆಲ್ಲರ ಮನೆಗೂ ಹೋಗಿ ಹೇಳುತ್ತೇನೆ. ಚಹಾ ಕೊಟ್ಟರೆ ಕುಡಿದು ಹೇಳುತ್ತೇನೆ, ಕೊಡದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ.

ಕೆಲಸ ಎಲ್ಲಿಗೆ ಬಂದಿದೆ ಎಂದರೆ, ನಿನ್ನೆ ಗಾಡಿಯನ್ನು ನೆಲಕ್ಕಿಳಿಸಿದೆವು. ನಿಮ್ಮಪ್ಪ ಒಂಬತ್ತು ಪೆಟ್ಟಿಗೆಗಳ ತೂಕದಷ್ಟು ಮರಳಿನ ಚೀಲ ಹಿಂದೆ ಪೇರಿಸಿದರು. ಗಾಡಿ ತನ್ನ ಭಾರದ ಮೇಲೆ ಸಮನಾಗಿ ನಿಂತ ಮೇಲೆ ನಾನು ಕೆಳಗೆ ನುಸುಳಿದೆ. ಮೇಲಿನ ಎರಡು ಬೋಲ್ಟು ಬಿಗಿದೆ, ಬಲಗಡೆಯ ಕೆಳಗಿನದನ್ನು ಬಿಗಿದೆ. ಈ ಸಲ ನನ್ನ ತೋಳಿನ ಜಂಬ ನಂಬದೆ ವೆಲ್ಡರಮ್ಮನ ಬಿಗಿ ಅಳೆಯುವ ಪಾನಾ ತಂದಿದ್ದೆ. ಬಿಗಿದ ಮೂರಕ್ಕೂ ನಿಮ್ಮಪ್ಪ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ದರ್ಜಿ ಚಾಕಿನಲ್ಲಿ ಒಂದೊಂದು ಗೆರೆ ಎಳೆದರು. ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ತುಂಡಾಗಿ ಕಾಣುತ್ತದೆ.

ನಾಲ್ಕನೆಯದನ್ನು, ಎಡಗಡೆಯ ಕೆಳಗಿನದನ್ನು, ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದೇನೆ. ಮುರಿದದ್ದು ಅದೇ ಜಾಗದ್ದು. ಅದನ್ನು ನೀನು ಬಿಗಿಯಬೇಕು, ಚಾಕಿನ ಗೆರೆಯನ್ನೂ ನೀನೇ ಎಳೆಯಬೇಕು. ಕೆಳಗಿನ ತೋಟಗಳಲ್ಲಿ ಹೂವು ಮುಗಿಯುತ್ತ ಬಂತು, ಮೇಲಿನ ಬಯಲಲ್ಲಿ ಮೊಗ್ಗು ಬಿರಿಯುತ್ತಿದೆಯಂತೆ. ಭಾನುವಾರ ಬೆಳಗ್ಗೆ, ಹುಳ ಹೊರಬೀಳುವ ಮುಂಚೆ, ಅವತ್ತು ಉಳಿದ ಐದು, ಆಮೇಲೆ ಕೂಡಿಸಿದ ನಾಲ್ಕು, ಒಂಬತ್ತೂ ಪೆಟ್ಟಿಗೆ ಮೇಲೆ ಹೋಗಬೇಕು. ಈ ವರ್ಷವೂ ಹೋಗದಿದ್ದರೆ ಒಂಬತ್ತು ನಾಲ್ಕಾಗುತ್ತದೆ, ಆಮೇಲೆ ಅಮ್ಮನಿಗೂ ಅಪ್ಪನಿಗೂ ನೋಡಿಕೊಳ್ಳಲು ಏನೂ ಇರುವುದಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡು ಜಗಳವಾಡಬೇಕು. ಶನಿವಾರ ಬಾ. ಬಾರದಿದ್ದರೆ ಭಾನುವಾರ ನಾನೇ ಬಿಗಿದು, ನಾನೇ ಓಡಿಸುತ್ತೇನೆ. ಏರಿನಲ್ಲಿ ಕ್ಲಚ್ಚು ಒತ್ತಿದರೆ ನನ್ನ ಮಂಡಿ ಏನನ್ನುತ್ತದೆ ಎಂದು ನಿನಗೆ ಗೊತ್ತು. ಹೆದರಿಸುತ್ತಿದ್ದೇನೆ ಅಂದುಕೊಂಡರೂ ಸರಿ, ಹೆದರಿಸುತ್ತಲೇ ಇದ್ದೇನೆ.

ಬೈಯುವುದಿದ್ದರೆ ಕಾಗದದಲ್ಲಿ ಬೈಯಬೇಡ, ಎದುರಿಗೆ ಬಂದು ಬೈ. ನಾನು ಜೀಪಿನ ಕೆಳಗೆ ಅವಿತುಕೊಳ್ಳುವುದಿಲ್ಲ.

ನಿನಗಿಂತ ಮೊಂಡಿ,
ನಿನ್ನ ಅಮ್ಮ

ಮತ್ತೆ: ಕಾಗದ ಮಡಿಸಿ, ಬಿಚ್ಚಿ, ಇದನ್ನು ಬರೆಯುತ್ತಿದ್ದೇನೆ. ಮಂಗಳವಾರ ಬೋಲ್ಟು ಸಿಕ್ಕಿತು ಎಂದು ಮೇಲೆ ಬರೆದಿದ್ದು ಸುಳ್ಳು. ಒಂದೂವರೆ ವರ್ಷ ಶೆಡ್ಡಿನ ತೇವದಲ್ಲಿ ಬಿದ್ದಿದ್ದರೆ ಆ ಹೊಳೆಯುವ ಕಾಲು ಭಾಗವೂ ತುಕ್ಕು ಹಿಡಿದಿರಬೇಕಿತ್ತಲ್ಲ ಎಂದು ನಿನಗೆ ಹೊಳೆಯದೆ ಇರುವುದಿಲ್ಲ. ನಿನ್ನ ಕೈಗೆ ಪಟ್ಟಿ ಹಾಕಿಸಿ ಮಲಗಿಸಿದ ಆ ಸಂಜೆಯೇ ಅದನ್ನು ಶಾಕಿನ ಕಣ್ಣಿನಿಂದ ತೆಗೆದೆ. ತುಕ್ಕು ನೋಡಿದೆ. ಗೊತ್ತಾಯಿತು. ಯಾಕೆ ಮುರಿಯಿತು ಎನ್ನುವುದು ಮೊನ್ನೆ ಗೊತ್ತಾದದ್ದು ನಿಜ, ಆದರೆ ನಿನ್ನಿಂದ ಮುರಿದದ್ದಲ್ಲ ಎನ್ನುವುದು ಅವತ್ತೇ ಗೊತ್ತಿತ್ತು. ಗಾಡಿಯ ಕೆಲಸ ಬಲ್ಲವಳು ಎಂಬ ಹೆಸರು ನನಗೆ ನಿನಗಿಂತ ದೊಡ್ಡದಾಯಿತು. ನಿಮ್ಮಪ್ಪನ ಗುಂಡಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ. ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಈ ಬೆಳಗ್ಗೆ ತೆಗೆದು ನೋಡಿದರೆ ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸವರಿದೆ, ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು. ಒಂದು ಮಾತೂ ಕೇಳದೆ, ನಾನೇ ಹೇಳುವ ದಿನ ಬರಲಿ ಎಂದು ಅದನ್ನು ಹೊಳೆಯುವ ಹಾಗೆ ಇಟ್ಟಿದ್ದರು.

ಇನ್ನೊಂದಿದೆ, ಇದೇ ಕೊನೆ. ನಿನ್ನ ಕಿವಿಯಲ್ಲಿ ಯಾವ ದೋಷವೂ ಇಲ್ಲ. ಚರಂಡಿಯ ಪಕ್ಕ ಜನ ಸೇರಿದಾಗ, ನಿಧಾನ ಹೋಗು ಅಂದಿದ್ದೆ ಎಂದು ನಾನು ಎಲ್ಲರೆದುರು ಹೇಳಿದೆನಲ್ಲ, ಆ ಮಾತನ್ನು ನಾನು ಗಾಡಿಯಲ್ಲಿ ಆಡಿರಲೇ ಇಲ್ಲ. ಬಿಸಿಲೇರುತ್ತೆ, ಬೇಗ ಹೋಗೇ ಅಂದಿದ್ದೆ.